ಲೈನುಮನೆಗಳ ಚರಿತ್ರೆಯನ್ನು ಬರೆಯುವವರಾರು?

ನಮ್ಮ ಕಂದಾಯ ಇಲಾಖೆಯ ಕಡತಗಳಲ್ಲಿ 'ಬೇಚರಾಕ್ ಗ್ರಾಮ' ಎಂಬ ಒಂದು ಮಾತುಂಟು. ದೀಪವಿಲ್ಲದ ಊರು ಎಂಬುದು ಆ ಪಾರಸಿ ಮೂಲದ ಪದದ ಅರ್ಥ. ಹಿಂದೆ ಎಂದೋ ಜನರಿದ್ದು, ಬರಕ್ಕೋ ಬೇನೆಗೋ ಹೆದರಿ ಬಿಟ್ಟುಹೋದ ಊರುಗಳವು. ಅಲ್ಲಿ ಒಂದು ಒಲೆಯೂ ಉರಿಯುವುದಿಲ್ಲ. ಆದರೂ ಅವುಗಳಿಗೆ ಹೆಸರುಂಟು, ಗಡಿಯುಂಟು, ಸರ್ವೆ ನಂಬರುಗಳುಂಟು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಊರುಗಳಿವೆ. ಅಲ್ಲಿ ಒಲೆ ಉರಿಯುತ್ತದೆ, ಮಕ್ಕಳು ಹುಟ್ಟುತ್ತಾರೆ, ಮುದುಕರು ಕಣ್ಣು ಮುಚ್ಚುತ್ತಾರೆ, ಸಂಜೆಯಾದರೆ ಕೆಲವು ಮನೆಗಳಿಂದ ಜಪಸರದ ಸ್ವರ ಕೇಳಿಸುತ್ತದೆ. ಆದರೆ ಕಂದಾಯ ನಕ್ಷೆಯಲ್ಲಿ ಅವುಗಳಿಗೆ ಹೆಸರಿಲ್ಲ, ಗಡಿಯಿಲ್ಲ. ಕಾಗದದ ಮೇಲೆ ಅಲ್ಲಿರುವುದು ಒಬ್ಬ ಮಾಲೀಕರ ಹಿಡುವಳಿ ಮಾತ್ರ. ನಾವೆಲ್ಲರೂ ಬಲ್ಲ ತೋಟದ 'ಲೈನು'ಗಳೇ ಅವು.

ಈ ಲೈನುಗಳು ಈಗ ಒಂದೊಂದಾಗಿ ಖಾಲಿಯಾಗುತ್ತಿವೆ. ನಾಲ್ಕು ತಲೆಮಾರಿನ ಜನ ಬಾಳಿ ಹೋದ ಈ ವಸತಿಗಳ ಚರಿತ್ರೆಯನ್ನು ಬರೆದಿಡುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಮ್ಮ ಕಥೋಲಿಕ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ. ಆ ಹೊಣೆ ಸರ್ಕಾರಕ್ಕಿಂತ ಮೊದಲು ನಮ್ಮ ಧರ್ಮಕೇಂದ್ರಗಳದು ಎಂಬುದು ನನ್ನ ಅಭಿಪ್ರಾಯ.

ಹತ್ತು ಹನ್ನೆರಡು ಮನೆಗಳ ಒಂದು ಸಾಲಿಗೆ ಚರಿತ್ರೆಯೆಂಬುದು ಇದೆಯೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ಹೊಸದಲ್ಲ. ಜನಸಮುದಾಯವೆಂದರೆ ಯಾವುದು ಎಂಬುದನ್ನು ರೋಮಿನ ಸಿಸೆರೊ ಚರ್ಚಿಸಿದ್ದಾನೆ. ನ್ಯಾಯದ ಬಗೆಗೆ ಒಮ್ಮತವೂ ಸಮಾನ ಹಿತವೂ ಇರುವ ಕೂಟವೇ ಜನಸಮುದಾಯ ಎಂಬುದು ಅವನ ನಿಲುವು. ಸಂತ ಅಗಸ್ಟೀನರು 'ದೇವನಗರ'ದ ಹತ್ತೊಂಬತ್ತನೆಯ ಭಾಗದಲ್ಲಿ ಈ ವ್ಯಾಖ್ಯಾನವನ್ನು ಒರೆಗೆ ಹಚ್ಚಿ, ಅದರ ಬದಲಿಗೆ ಇನ್ನೊಂದನ್ನು ಮುಂದಿಟ್ಟರು. ತಾವು ಪ್ರೀತಿಸುವ ವಸ್ತುಗಳ ಬಗೆಗೆ ಒಮ್ಮತವುಳ್ಳ ವಿವೇಕಿಗಳ ಸಮೂಹವೇ ಜನಸಮುದಾಯ ಎಂದು ಅವರ ಮಾತಿನ ತಾತ್ಪರ್ಯ. ಸಿಸೆರೊನ ಅಳತೆಗೋಲಿನಲ್ಲಿ ನೋಡಿದರೆ ಲೈನು ಒಂದು ಊರಾಗುವುದು ಕಷ್ಟ. ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಅಲ್ಲಿರುವುದು ಮಾಲೀಕ ಮತ್ತು ಕಾರ್ಮಿಕರ ಸಂಬಂಧ ಮಾತ್ರ. ಅಗಸ್ಟೀನರ ಅಳತೆಗೋಲಿನಲ್ಲಿ ಅದು ನಿಸ್ಸಂದೇಹವಾಗಿಯೂ ಊರು. ಹೆರಿಗೆಯ ರಾತ್ರಿ ಪಕ್ಕದ ಮನೆಯವಳು ಬಂದು ಕೂರುವ, ಸಾವಾದಾಗ ಎಲ್ಲರೂ ಕೆಲಸ ಬಿಟ್ಟು ಹೆಗಲು ಕೊಡುವ, ಒಬ್ಬರ ಮನೆಯ ತೆನೆ ಹಬ್ಬದ ಪಾಯಸ ಎಲ್ಲರ ಮನೆಗೂ ಹೋಗುವ ಜಾಗವನ್ನು ಊರೆನ್ನದೆ ಬೇರೇನೆನ್ನೋಣ?

ಈ ಊರುಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯಬೇಕು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಮಕ್ಕಳಿಗೂ ಗೊತ್ತಿರುವ ಐತಿಹ್ಯ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯುರೋಪಿಯನ್ ತೋಟಗಾರರು ಈ ಗಿರಿಗಳಿಗೆ ಬಂದರು. ಬಾಬಾ ಬುಡನ್‌ಗಿರಿಯ ಬಳಿ ತೋಟ ಮಾಡಿದ ಕ್ಯಾನನ್ ಎಂಬಾತನ ಹೆಸರು ಕಾಫಿಯ ಚರಿತ್ರೆಯಲ್ಲಿ ಉಳಿದಿದೆ. 1856ರಲ್ಲಿ ಮೈಸೂರು ಸೀಮೆಯಲ್ಲಿ ತೋಟದ ಕೆಲಸಕ್ಕಿಳಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿ ಚಿನ್ನ, ಬೇಟೆ, ಕಾಫಿ ಈ ಮೂರೂ ಸ್ಥಾನ ಪಡೆದಿವೆ. ಕಾಡು ಕಡಿದು ಗುಂಡಿ ತೋಡಿದವರಿಗೆ ಆ ಶೀರ್ಷಿಕೆಯಲ್ಲಿ ಸ್ಥಳವಾಗಲಿಲ್ಲ.

ಗುಂಡಿ ತೋಡಿದವರು ಯಾರು? ಈ ಬೆಟ್ಟಗಳ ಮೂಲನಿವಾಸಿಗಳಾದ ಹಸಲರು, ಮಲೆಕುಡಿಯರು, ಬಯಲುಸೀಮೆಯಿಂದ ಬಂದವರು, ತಮಿಳು ನಾಡಿನಿಂದ ಬಂದವರು, ಮತ್ತು ಚಾರ್ಮಾಡಿ ಮೊದಲಾದ ಘಾಟಿಗಳನ್ನು ಹತ್ತಿಬಂದ ಘಟ್ಟದ ಕೆಳಗಿನ ತುಳುವರು, ಕೊಂಕಣಿಗರು. ಮೊದಮೊದಲು ಮಳೆಗಾಲ ಮುಗಿದ ಮೇಲೆ ಬಂದು, ಮುಂದಿನ ಮಳೆಗೆ ಮುನ್ನ ಊರಿಗೆ ಮರಳುತ್ತಿದ್ದವರು ಕ್ರಮೇಣ ಇಲ್ಲಿಯೇ ನಿಂತರು. ಅವರನ್ನು ಕರೆತರುತ್ತಿದ್ದವನು ಮೇಸ್ತ್ರಿ. ಅವರನ್ನು ಕಟ್ಟಿಹಾಕುತ್ತಿದ್ದುದು ಮುಂಗಡದ ಹಣ. ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯನ್ನು ದಂಡನೆಗೆ ಗುರಿಮಾಡುವ ಕಾನೂನೊಂದನ್ನು ಬ್ರಿಟಿಷ್ ಆಡಳಿತ 1859ರಲ್ಲಿ ತಂದಿತ್ತು. ಅದು ರದ್ದಾದದ್ದು 1925ರಲ್ಲಿ. ಅಂದರೆ ನಮ್ಮ ಮುತ್ತಜ್ಜಂದಿರ ಕಾಲದ ಕೂಲಿಯ ಹೆಸರು ಸರ್ಕಾರದ ಕಾಗದಕ್ಕೆ ಏರುತ್ತಿದ್ದುದು ಹೆಚ್ಚಾಗಿ ಆತ ಸಾಲಗಾರನೋ ಅಪರಾಧಿಯೋ ಆದಾಗ.

ಇದರ ಮೇಲೆ ಮಲೆನಾಡಿನ ಜ್ವರ. ಡಿ.ಡಿ.ಟಿ. ಬರುವವರೆಗೆ ಮಲೇರಿಯಾ ಈ ಗಿರಿಗಳ ನಿಜವಾದ ದೊರೆಯಾಗಿತ್ತು. ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಮಲೇರಿಯಾ ಅಧ್ಯಯನ ಕೈಗೊಂಡಾಗ ಅದಕ್ಕೆ ಆರಿಸಿದ ಸ್ಥಳಗಳಲ್ಲಿ ಮೂಡಿಗೆರೆಯೂ ಒಂದೆಂಬುದೇ ಅಂದಿನ ಪರಿಸ್ಥಿತಿಯನ್ನು ಹೇಳುತ್ತದೆ. ಲೈನುಗಳಲ್ಲಿ ಸತ್ತವರನ್ನು ಎಷ್ಟೋ ವೇಳೆ ತೋಟದ ಮೂಲೆಯಲ್ಲಿಯೇ ಮಣ್ಣು ಮಾಡಿದರು. ನೆಟ್ಟ ಮರದ ಶಿಲುಬೆ ಎರಡು ಮಳೆಗಾಲ ಉಳಿಯುತ್ತಿತ್ತು. ಆಮೇಲೆ ಅಲ್ಲಿಯೂ ಕಾಫಿ ಗಿಡವೇ.

ಇನ್ನೊಂದು ಕಡೆ ನೋಡಿ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರವು ಎಲೆತುಕ್ಕು ರೋಗವನ್ನು ತಾಳಿಕೊಳ್ಳುವ ತಳಿಗಳಿಗಾಗಿ ದಶಕಗಳ ಕಾಲ ಶ್ರಮಿಸಿತು. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಎಸ್. 795 ತಳಿಯ ತಂದೆ ಯಾರು, ತಾಯಿ ಯಾರು ಎಂಬುದು ಇಂದಿಗೂ ಸ್ಪಷ್ಟವಾಗಿ ದಾಖಲಾಗಿದೆ: ಎಸ್. 288 ಮತ್ತು ಕೆಂಟ್ ತಳಿಗಳ ಸಂಕರ ಅದು. ಇದು ಮೆಚ್ಚತಕ್ಕ ಕೆಲಸ. ಅದರಿಂದ ಬದುಕಿದವರು ನಾವು. ಆದರೆ ಆ ಗಿಡವನ್ನು ನೆಟ್ಟು, ಚಿಗುರು ತೆಗೆದು, ಮರಗಸಿ ಮಾಡಿ, ಹಣ್ಣು ಕೊಯ್ದ ಕುಟುಂಬದ ಮೂರು ತಲೆಮಾರಿನ ಹೆಸರನ್ನು ಹೇಳಬಲ್ಲ ಕಾಗದ ಆ ತೋಟದಲ್ಲಿ ಇದೆಯೇ? ಗಿಡದ ವಂಶಾವಳಿಗೆ ಕೊಟ್ಟ ಗಮನವನ್ನು ಗಿಡ ನೆಟ್ಟವರ ವಂಶಾವಳಿಗೆ ಕೊಡಲಾಗಲಿಲ್ಲವೆಂಬುದು ಯೋಚಿಸತಕ್ಕ ವಿಷಯ.

ಸ್ವಾತಂತ್ರ್ಯದ ನಂತರ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆ ಲೈನಿನ ಬಾಳನ್ನು ಬದಲಿಸಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ವಸತಿ, ಕುಡಿಯುವ ನೀರು, ವೈದ್ಯಕೀಯ ನೆರವುಗಳನ್ನು ಅದು ಮಾಲೀಕರ ಕರ್ತವ್ಯವನ್ನಾಗಿ ಮಾಡಿತು. ಐವತ್ತು ಮಂದಿ ಹೆಣ್ಣಾಳುಗಳಿದ್ದಲ್ಲಿ ಶಿಶುವಿಹಾರ ಬೇಕು, ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದಲ್ಲಿ ಶಿಕ್ಷಣದ ವ್ಯವಸ್ಥೆ ಮಾಡಿಸಬಹುದು ಎಂದಿತು. 1981ರ ತಿದ್ದುಪಡಿಯು ಲೈನುಮನೆ ಕುಸಿದು ಸಾವು ನೋವಾದರೆ ಪರಿಹಾರ ಕೊಡಬೇಕೆಂದು ವಿಧಿಸಿತು. ಅಂಥ ವಿಧಿಯೊಂದು ಬೇಕಾಯಿತೆಂಬುದು ಆ ಮನೆಗಳ ಸ್ಥಿತಿಗೆ ಸಾಕ್ಷಿ. ಈಗ ಆ ಕಾಯ್ದೆಯನ್ನು ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯೊಳಗೆ ಸೇರಿಸಲಾಗಿದೆ. ಆದರೆ ಅಂದಿಗೂ ಇಂದಿಗೂ ಕಾನೂನು ಕೊಟ್ಟದ್ದು ದುಡಿಯುವವನಿಗೆ ಮನೆ. ಆ ಮನೆಗಳ ಸಾಲನ್ನು ಅದು ಊರೆಂದು ಗುರುತಿಸಲಿಲ್ಲ. ಕೆಲಸ ಮುಗಿದ ದಿನ ಮನೆಯ ಮೇಲಿನ ಹಕ್ಕೂ ಮುಗಿಯುತ್ತದೆ. ನಲವತ್ತು ವರ್ಷ ಒಂದೇ ಬಾಗಿಲಿನಿಂದ ಹೊರಗೂ ಒಳಗೂ ಓಡಾಡಿದವಳಿಗೆ 'ನಿನ್ನ ಊರು ಯಾವುದು?' ಎಂದು ಕೇಳಿದರೆ ಆಕೆ ಹೇಳುವುದು ತೋಟದ ಹೆಸರನ್ನು. ಆ ತೋಟ ಕೈಬದಲಾಗಿ ಹೆಸರು ಬದಲಾದರೆ ಆಕೆಯ ಊರೂ ಬದಲಾಗುತ್ತದೆ.

ಕಾಗದದಲ್ಲಿ ಇಲ್ಲದಿರುವುದು ಬರಿಯ ಗೌರವದ ಪ್ರಶ್ನೆಯಲ್ಲ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ ಮೊದಲಾದ ದಾಖಲೆಯಿಲ್ಲದ ಜನವಸತಿಗಳಲ್ಲಿ ಮನೆ ಮಾಡಿಕೊಂಡವರಿಗೆ ಒಡೆತನ ದೊರಕಿಸಲು ಕರ್ನಾಟಕವು 2016ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳು ದೊರೆತವು. ಇತ್ತ ಮಲೆನಾಡಿನಲ್ಲಿ, ಸರ್ಕಾರಿ ಜಮೀನನ್ನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ ಆ ಜಮೀನನ್ನು ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಯಲ್ಲಿ ಈಚೆಗೆ ಅವಕಾಶವಾಗಿದೆ. ತಾಂಡಾಕ್ಕೆ ದಾರಿ ತೆರೆಯಿತು, ಬೆಳೆಗಾರನಿಗೂ ದಾರಿ ತೆರೆಯಿತು. ಲೈನಿನವನು ಮಾತ್ರ ನಿವೇಶನದ ಅರ್ಜಿ ಹಿಡಿದು ಸರತಿಯಲ್ಲಿ ನಿಂತೇ ಇದ್ದಾನೆ. ತಾನು ಇಲ್ಲಿಯವನೆಂದು ತೋರಿಸಲು ಅವನ ಬಳಿ ಇರುವ ಹಳೆಯ ಕಾಗದ ಎಷ್ಟೋ ವೇಳೆ ಒಂದೇ, ಅದು ಧರ್ಮಕೇಂದ್ರ ಕೊಟ್ಟ ಜ್ಞಾನಸ್ನಾನದ ಪ್ರಮಾಣಪತ್ರ.

ಇಲ್ಲಿಯೇ ನಮ್ಮ ಹೊಣೆಯ ಮಾತು ಬರುತ್ತದೆ. ಕ್ರೈಸ್ತಸಭೆಯು ಬಡವನ ಹೆಸರನ್ನು ಬರೆದಿಡುವ ಪದ್ಧತಿಯನ್ನು ಬಹಳ ಹಿಂದೆಯೇ ಆರಂಭಿಸಿತು. ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಮತ್ತು ವಿವಾಹಗಳ ಪುಸ್ತಕಗಳನ್ನು ಕಡ್ಡಾಯ ಮಾಡಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಇವುಗಳ ಜೊತೆಗೆ 'ಆತ್ಮಗಳ ಸ್ಥಿತಿ'ಯ ಪುಸ್ತಕವೊಂದನ್ನೂ ಇಡಬೇಕೆಂದಿತು. ಧರ್ಮಕೇಂದ್ರದ ಪ್ರತಿಯೊಂದು ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂಬುದರ ದಾಖಲೆಯದು. 1983ರ ಈಗಿನ ಸಂಹಿತೆಯ 535ನೆಯ ವಿಧಿಯೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಎಚ್ಚರದಿಂದ ಕಾಪಾಡಬೇಕೆಂದು ಗುರುಗಳಿಗೆ ಆಜ್ಞಾಪಿಸುತ್ತದೆ. ಈ ಪುಸ್ತಕಗಳ ವಿಶೇಷವೆಂದರೆ ಅಲ್ಲಿ ಮಾಲೀಕನ ಮಗುವಿಗೂ ಲೈನಿನ ಮಗುವಿಗೂ ಒಂದೇ ಅಳತೆಯ ಸಾಲು. ತೋಟದ ಹಾಜರಿ ಪುಸ್ತಕವು ಒಬ್ಬನ ಹೆಸರನ್ನು ಅವನು ದುಡಿದ ದಿನಗಳಿಗಾಗಿ ಬರೆಯಿತು. ದೇವಾಲಯದ ಪುಸ್ತಕವು ಅವನು ಹುಟ್ಟಿದನೆಂಬ ಒಂದೇ ಕಾರಣಕ್ಕಾಗಿ ಬರೆಯಿತು. ಮನುಷ್ಯನ ಘನತೆಯೆಂಬ ದೊಡ್ಡ ಮಾತಿನ ಅರ್ಥ ಈ ವ್ಯತ್ಯಾಸದಲ್ಲಿದೆ.

ಈ ಸಾಲುಗಳನ್ನು ಬರೆದವರು ಸುಖವಾಗಿ ಕುಳಿತು ಬರೆದವರಲ್ಲ. ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ವಿದೇಶಿ ಧರ್ಮಪ್ರಚಾರ ಸಂಘದ ಫ್ರೆಂಚ್ ಗುರುಗಳು, ಅನಂತರ ದೇಶೀಯ ಗುರುಗಳು ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ತೋಟದಿಂದ ತೋಟಕ್ಕೆ ಸುತ್ತಿದರು. 1963ರ ನವೆಂಬರಿನಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾಗಿ, ಮುಂದಿನ ವರ್ಷ ಪೂಜ್ಯ ಅಲ್ಫೋನ್ಸಸ್ ಮಥಾಯಸ್‌ರವರು ಮೊದಲ ಧರ್ಮಾಧ್ಯಕ್ಷರಾದಾಗ, ಈ ಮಂದೆಯ ದೊಡ್ಡ ಭಾಗ ತೋಟಗಳಲ್ಲಿಯೇ ಚದುರಿಹೋಗಿತ್ತು. ಮಂದೆಯನ್ನು ಒಟ್ಟುಗೂಡಿಸಿದವರಲ್ಲಿ ಗುರುಗಳಷ್ಟೇ ಪಾಲು ಲೈನಿನಲ್ಲಿ ಪ್ರಾರ್ಥನೆ ನಡೆಸಿದ ಗುರ್ಕಾರರದು, ಜ್ಞಾನೋಪದೇಶ ಹೇಳಿಕೊಟ್ಟ ಅಕ್ಷರ ಬಲ್ಲ ಹೆಂಗಸರದು.

ಆದರೆ ನಮ್ಮ ಧರ್ಮಕೇಂದ್ರಗಳ ಜ್ಯುಬಿಲಿ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ದೇವಾಲಯ ಕಟ್ಟಲು ಜಾಗ ಕೊಟ್ಟವರ ಭಾವಚಿತ್ರ, ಗಂಟೆ ಕೊಟ್ಟವರ ಹೆಸರು, ಹಿತೈಷಿಗಳ ಜಾಹೀರಾತು. ಇವೆಲ್ಲ ಇರಬೇಕಾದವೇ, ದಾನಿಗಳಿಗೆ ಕೃತಜ್ಞತೆ ತಪ್ಪಬಾರದು. ಆದರೆ ಅಡಿಪಾಯಕ್ಕೆ ಕಲ್ಲು ಹೊತ್ತವರ ಹೆಸರು? ವಾರದ ಕೂಲಿಯಿಂದ ನಾಲ್ಕಾಣೆ ಉಳಿಸಿ ಕೊಟ್ಟವರ ಹೆಸರು? 'ಭಕ್ತಾದಿಗಳ ಸಹಕಾರದಿಂದ' ಎಂಬ ಎರಡು ಪದಗಳಲ್ಲಿ ಒಂದು ಇಡೀ ಜನತೆ ಮುಳುಗಿಹೋಗುತ್ತದೆ. ನಮ್ಮಲ್ಲಿ ತೋಟದ ಮಾಲೀಕರೂ ಕಥೋಲಿಕರು, ರೈಟರೂ ಕಥೋಲಿಕರು, ಲೈನಿನವರೂ ಕಥೋಲಿಕರು. ಒಂದೇ ಪವಿತ್ರ ಮೇಜಿನ ಬಳಿಗೆ ಬರುವವರ ಚರಿತ್ರೆಯನ್ನು ಅರ್ಧಕ್ಕೆ ಬರೆದು ನಿಲ್ಲಿಸುವುದು ಸತ್ಯಕ್ಕೂ ಸಲ್ಲದು, ಪ್ರೀತಿಗೂ ಸಲ್ಲದು. ದುಡಿಮೆಯು ಬಂಡವಾಳಕ್ಕಿಂತ ಮೇಲು ಎಂದು ಪೋಪ್ ಎರಡನೇ ಜಾನ್ ಪಾಲ್‌ರವರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದು ಕಾರ್ಖಾನೆಗಳಿಗೆ ಮಾತ್ರವಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. 'ಲೈನು ಬಡತನದ ಗುರುತು, ಅವಮಾನದ ಗುರುತು. ನಮ್ಮ ಮಕ್ಕಳು ಓದಿ ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗಿದ್ದಾರೆ. ಆ ನೆನಪನ್ನು ಈಗೇಕೆ ಕೆದಕಬೇಕು?' ಎಂದು ಹಿರಿಯರೇ ಹೇಳುವುದುಂಟು. ಮಾಲೀಕರ ಕಷ್ಟವೂ ಸುಳ್ಳಲ್ಲ: 2000ನೇ ಇಸವಿಯ ಆಸುಪಾಸಿನಲ್ಲಿ ಕಾಫಿಯ ಬೆಲೆ ಕುಸಿದಾಗ, ಬಿಳಿ ಕಾಂಡಕೊರಕ ಅರೇಬಿಕಾ ಗಿಡಗಳನ್ನು ತಿಂದಾಗ, ಸಣ್ಣ ಬೆಳೆಗಾರರಿಗೆ ಕೂಲಿ ಕೊಡುವುದೇ ಕಷ್ಟವಾಯಿತು, ಲೈನು ದುರಸ್ತಿಯ ಮಾತು ದೂರ. ಲೈನುಗಳು ಶಾಶ್ವತವಾಗಿ ಉಳಿಯಲಿ ಎಂದು ನಾನು ಹೇಳುತ್ತಿಲ್ಲ. ಯಾವ ತಾಯಿಯೂ ತನ್ನ ಮೊಮ್ಮಕ್ಕಳು ಒಂದು ಕೋಣೆಯ ಮನೆಯಲ್ಲಿ ಬೆಳೆಯಲೆಂದು ಬಯಸುವುದಿಲ್ಲ. ಆದರೆ ಮನೆಯನ್ನು ಬಿಡುವುದು ಬೇರೆ, ಮನೆಯಲ್ಲಿ ಬಾಳಿದವರನ್ನು ಮರೆಯುವುದು ಬೇರೆ. ಇಸ್ರಯೇಲಿನ ರೈತನು ಪ್ರಥಮ ಫಲದ ಬುಟ್ಟಿಯನ್ನು ದೇವರ ಮುಂದಿಡುವಾಗ ತನ್ನ ಮೂಲಪುರುಷನು ಅಲೆಮಾರಿಯಾಗಿದ್ದನೆಂದೂ ಈಜಿಪ್ಟಿನಲ್ಲಿ ದಾಸ್ಯ ಅನುಭವಿಸಿದೆವೆಂದೂ ಬಾಯಿಬಿಟ್ಟು ಹೇಳಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ದಾಸ್ಯವನ್ನು ಮುಚ್ಚಿಟ್ಟವನಿಗೆ ಬಿಡುಗಡೆಯ ಕಥೆಯೂ ಉಳಿಯುವುದಿಲ್ಲ.

ಊರೊಂದು ಮರೆಯಾಗುವುದು ಎಷ್ಟು ಸುಲಭವೆಂಬುದಕ್ಕೆ ನಮ್ಮ ಧರ್ಮಕ್ಷೇತ್ರದಲ್ಲಿಯೇ ಉದಾಹರಣೆಗಳಿವೆ. ಕಳಸದ ಸಮೀಪದ ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಗಿ, ಶಾಲೆ, ಆಸ್ಪತ್ರೆ, ಬಡಾವಣೆಗಳ ಪಟ್ಟಣವೇ ಎದ್ದಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು, ಪಟ್ಟಣ ಬರಿದಾಯಿತು. ಹಾಸನದ ಕಡೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿದ ದೇವಾಲಯ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅದರ ಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ಅಲ್ಲಿ ಪ್ರಾರ್ಥಿಸುತ್ತಿದ್ದ ಕುಟುಂಬಗಳು ಎಲ್ಲಿಗೆ ಹೋದವೆಂದು ಕೇಳುವವರು ವಿರಳ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಆಲೇಖಾನ್ ಹೊರಟ್ಟಿಗಳಲ್ಲಿ ಗುಡ್ಡಗಳೇ ಜರಿದು ಮನೆ, ತೋಟಗಳನ್ನು ಕೊಚ್ಚಿದವು. ಹೆಸರುಳ್ಳ ಊರುಗಳ ಗತಿಯೇ ಹೀಗಾದರೆ ಹೆಸರಿಲ್ಲದ ಲೈನಿನ ಗತಿಯೇನು?

ಎಜ್ರನ ಗ್ರಂಥದ ಎರಡನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದದೆ ದಾಟುತ್ತೇವೆ. ಅದು ಬಾಬಿಲೋನಿನ ಸೆರೆಯಿಂದ ಮರಳಿದವರ ಹೆಸರುಗಳ ಉದ್ದನೆಯ ಪಟ್ಟಿ. ಆ ಪಟ್ಟಿಯಲ್ಲಿ ಒಂದು ಕಡೆ, ತಮ್ಮ ವಂಶವನ್ನು ರುಜುವಾತುಪಡಿಸಲಾಗದ 652 ಮಂದಿಯ ಪ್ರಸ್ತಾಪವಿದೆ. ಅವರ ಬಳಿ ಕಾಗದವಿರಲಿಲ್ಲ. ಆದರೂ ಪವಿತ್ರ ಲೇಖಕನು ಅವರನ್ನು ಪಟ್ಟಿಯಿಂದ ಹೊಡೆದುಹಾಕಲಿಲ್ಲ. ದಾಖಲೆಯಿಲ್ಲವೆಂಬ ಸಂಗತಿಯನ್ನೇ ದಾಖಲೆ ಮಾಡಿದನು. ನಮಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ಮಾಡಬೇಕಾದ ಕೆಲಸ ದೊಡ್ಡದಲ್ಲ, ಆದರೆ ತಡಮಾಡುವಂತಿಲ್ಲ. ನವೆಂಬರ್ ತಿಂಗಳು ಮೃತರ ಸ್ಮರಣೆಗೆ ಮೀಸಲು. ಆ ತಿಂಗಳಲ್ಲಿ ಪ್ರತಿ ವಾರ್ಡಿನ ಗುರ್ಕಾರರೂ ಯುವಕ ಯುವತಿಯರೂ ತಮ್ಮ ವ್ಯಾಪ್ತಿಯ ಒಂದೊಂದು ಲೈನಿಗೆ, ಅದು ಖಾಲಿಯಾಗಿದ್ದರೂ ಸರಿ, ಹೋಗಿಬರಲಿ. ಅಲ್ಲಿ ಯಾವ ಯಾವ ಕುಟುಂಬಗಳಿದ್ದವು, ಯಾವ ಊರಿನಿಂದ ಬಂದವು, ಯಾರು ಯಾರು ಎಲ್ಲಿ ಮಣ್ಣಾದರು ಎಂಬುದನ್ನು ಎಂಬತ್ತು ದಾಟಿದ ಹಿರಿಯರಿಂದ ಕೇಳಿ, ಜಾತಿಮತಗಳ ಎಣಿಕೆಯಿಲ್ಲದೆ ಎಲ್ಲರ ಹೆಸರನ್ನೂ ಬರೆದುಕೊಳ್ಳಲಿ. ಮಾಲೀಕರು ತಮ್ಮ ಕಚೇರಿಯ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ಹಾಜರಿ ಪುಸ್ತಕಗಳನ್ನು ತೂಕಕ್ಕೆ ಹಾಕದೆ ಕೊಡಲಿ. ತೋಟದೊಳಗಿನ ಸಮಾಧಿಗಳ ಸುತ್ತ ನಾಲ್ಕು ಕಲ್ಲು ನೆಟ್ಟು, ವರ್ಷಕ್ಕೊಮ್ಮೆ ಮೇಣದ ಬತ್ತಿ ಹಚ್ಚಲು ಬರುವವರಿಗೆ ದಾರಿ ಬಿಡಲಿ. ಮಲೆನಾಡಿನ ತೇವದಲ್ಲಿ ಶಾಯಿ ಮಾಸುತ್ತಿರುವ ಧರ್ಮಕೇಂದ್ರದ ಪುಸ್ತಕಗಳ ಛಾಯಾಪ್ರತಿಗಳನ್ನು ಸುರಕ್ಷಿತವಾಗಿ ಇರಿಸಲಿ. ನಿವೇಶನಕ್ಕಾಗಿ ಅಲೆಯುತ್ತಿರುವ ಕುಟುಂಬಕ್ಕೆ ಆ ಪುಸ್ತಕದ ಒಂದು ಸಾಲು ನೆರವಾಗಬಹುದಾದರೆ, ಅದನ್ನು ಹುಡುಕಿಕೊಡುವುದೂ ಕರುಣೆಯ ಕಾರ್ಯವೇ.

ಇನ್ನೊಂದು ಮಾತು. ಹಳಬರು ಬಿಟ್ಟ ಲೈನುಗಳಲ್ಲಿ ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ, ಉತ್ತರ ಕರ್ನಾಟಕದಿಂದ ಬಂದವರು ವಾಸವಾಗಿದ್ದಾರೆ. ಜಾರ್ಖಂಡಿನವರಲ್ಲಿ ನಮ್ಮದೇ ವಿಶ್ವಾಸದ ಆದಿವಾಸಿ ಕುಟುಂಬಗಳೂ ಉಂಟು. ಅವರ ಭಾಷೆ ನಮಗೆ ತಿಳಿಯದು. ನೂರು ವರ್ಷಗಳ ಹಿಂದೆ ಘಟ್ಟ ಹತ್ತಿ ಬಂದ ನಮ್ಮವರ ಭಾಷೆಯೂ ಫ್ರೆಂಚ್ ಗುರುಗಳ ತಾಯ್ನುಡಿಯಾಗಿರಲಿಲ್ಲ. ಆದರೂ ಅವರು ಹೆಸರು ಕೇಳಿದರು, ಬರೆದುಕೊಂಡರು. ಅಂದು ಅವರು ಬರೆದುದರಿಂದ ಇಂದು ನಮಗೊಂದು ವಂಶಾವಳಿಯಿದೆ. ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಸಂಕೋಚದಿಂದ ಕೂರುವ ಆ ಹೊಸಬರ ಹೆಸರೇನು, ಅವರು ಯಾವ ಲೈನಿನವರು ಎಂದು ಈ ವಾರವೇ ಕೇಳಿ ತಿಳಿದು ಬರೆದುಕೊಳ್ಳೋಣ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಅದೂ ಈ ಬೆಟ್ಟಗಳ ಚರಿತ್ರೆಯಾಗಿರುತ್ತದೆ.